ಹಾರಂಗಿ, ಚಿಕ್ಲಿಹೊಳೆಗೆ ಹೊರಟಿದ್ದೀರಾ? ಮೊದಲು ನೀರಿನ ಮಟ್ಟ ನೋಡಿ

ಕೊಡಗಿಗೆ ಬಂದವರು ರಾಜಾಸೀಟು, ಅಬ್ಬಿ, ತಲಕಾವೇರಿ ಅಂತ ಓಡಾಡಿ ಮುಗಿಸಿ ವಾಪಸ್ ಹೊರಟುಬಿಡುತ್ತಾರೆ. ಜಲಾಶಯದ ದಡದಲ್ಲಿ ಅರ್ಧ ದಿನ ಆರಾಮಾಗಿ ಕಳೆಯೋಣ ಅಂದುಕೊಳ್ಳುವವರು ಕಡಿಮೆ. ಅಂದುಕೊಂಡು ಬಂದವರಲ್ಲೂ ಎಷ್ಟೋ ಜನ "ಫೋಟೋದಲ್ಲಿ ಇದ್ದ ಹಾಗೆ ಇಲ್ವಲ್ಲ" ಅಂತ ಬೇಜಾರು ಮಾಡಿಕೊಂಡು ಹೋಗುತ್ತಾರೆ. ಅದರಲ್ಲಿ ಜಾಗದ ತಪ್ಪೇನೂ ಇಲ್ಲ. ಆಗಸ್ಟಿನ ಹಾರಂಗಿಯೇ ಬೇರೆ, ಏಪ್ರಿಲ್‌ನ ಹಾರಂಗಿಯೇ ಬೇರೆ. ದಡ ಎಲ್ಲಿರುತ್ತದೆ, ಎಲ್ಲಿ ಕೂರಬಹುದು, ಯಾವ ದಾರಿ ತೆರೆದಿರುತ್ತದೆ, ಅಪಾಯ ಯಾವ ಕಡೆಯಿಂದ ಬರುತ್ತದೆ ಎಲ್ಲವೂ ನೀರಿನ ಮಟ್ಟದ ಜೊತೆಗೇ ಬದಲಾಗುತ್ತದೆ. ಹಾಗಾಗಿ ರೂಮ್ ಬುಕ್ ಮಾಡುವುದಕ್ಕಿಂತ ಮುಂಚೆ ನೀರು ಎಷ್ಟಿದೆ ಅಂತ ನೋಡಿ. ಈ ಬರಹವನ್ನೂ ಅದೇ ಕ್ರಮದಲ್ಲಿ ಬರೆದಿದ್ದೇನೆ.

ಹಂತ 1: ಯಾವ ಜಲಾಶಯ ಅಂತ ತೀರ್ಮಾನ ಮಾಡಿ

ಕುಶಾಲನಗರದ ಸುತ್ತ ಎರಡಿವೆ. ಹಾರಂಗಿ ದೊಡ್ಡದು. ಪಟ್ಟಣದಿಂದ 9 ಕಿ.ಮೀ. ಆಸುಪಾಸು, ಹುದುಗೂರಿನ ಹತ್ತಿರ. ಪುಷ್ಪಗಿರಿ ಬೆಟ್ಟಸಾಲಿನಿಂದ ಇಳಿದು ಬರುವ ಹಾರಂಗಿ ಹೊಳೆಗೆ ಕಟ್ಟಿದ ಅಣೆಕಟ್ಟು ಇದು. ಇಲ್ಲಿಂದ ಮುಂದೆ ಹೊಳೆ ಕೂಡಿಗೆಯಲ್ಲಿ ಕಾವೇರಿಗೆ ಸೇರುತ್ತದೆ. ಜಲಾಶಯದಲ್ಲಿ 8.5 ಟಿಎಂಸಿ ನೀರು ಹಿಡಿಯುತ್ತದೆ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಕೆಆರ್‌ಎಸ್, ಕಬಿನಿ, ಹೇಮಾವತಿ ಜೊತೆಗೆ ಕರ್ನಾಟಕದ ಕಾವೇರಿ ಕಣಿವೆಯ ನಾಲ್ಕು ಮುಖ್ಯ ಜಲಾಶಯಗಳಲ್ಲಿ ಇದೂ ಒಂದು.

ಚಿಕ್ಲಿಹೊಳೆ ತೀರಾ ಪುಟ್ಟದು, 0.18 ಟಿಎಂಸಿ. ಹಾರಂಗಿ ತುಂಬಿದಾಗ ಅದರಲ್ಲಿ ಚಿಕ್ಲಿಹೊಳೆಯಂಥ ನಲವತ್ತಕ್ಕೂ ಹೆಚ್ಚು ಜಲಾಶಯಗಳ ನೀರು ಇರುತ್ತದೆ. ಆದರೆ ನೋಡುವುದಕ್ಕೆ ಚಿಕ್ಲಿಹೊಳೆಯೇ ಜಾಸ್ತಿ ಚೆಂದ, ಇದನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ನೀರು ಹೊರಗೆ ಹೋಗುವ ಕಟ್ಟೆಯನ್ನು ಅರ್ಧಚಂದ್ರಾಕಾರದಲ್ಲಿ ಕಟ್ಟಿದ್ದಾರೆ. ಜಲಾಶಯ ತುಂಬಿದ ಮೇಲೆ ನೀರು ಆ ಅರ್ಧಚಂದ್ರದ ಅಂಚಿನ ಉದ್ದಕ್ಕೂ ತೆಳ್ಳಗೆ ಒಂದೇ ಸಮ ಒಳಕ್ಕೆ ಇಳಿಯುತ್ತದೆ. ಸುತ್ತ ಕಾಡು, ಕಾಫಿ ತೋಟ, ಆಚೆ ಬೆಟ್ಟಸಾಲು.

ಈ ಎರಡರ ಮುಖ್ಯ ವ್ಯತ್ಯಾಸ ಗಾತ್ರದಲ್ಲಿ ಇಲ್ಲ, ಗೇಟಿನಲ್ಲಿ ಇದೆ. ಹಾರಂಗಿಗೆ ಗೇಟುಗಳಿವೆ. ನೀರು ಯಾವಾಗ ಬಿಡಬೇಕು, ಎಷ್ಟು ಬಿಡಬೇಕು ಅಂತ ಎಂಜಿನಿಯರುಗಳು ತೀರ್ಮಾನ ಮಾಡುತ್ತಾರೆ, ಕೆಳಗಿನ ಊರಿನವರಿಗೆ ಎಚ್ಚರಿಕೆಯನ್ನೂ ಕೊಡುತ್ತಾರೆ. ಚಿಕ್ಲಿಹೊಳೆಯ ಅರ್ಧಚಂದ್ರದ ಕಟ್ಟೆಗೆ ಗೇಟಿಲ್ಲ. ತುಂಬಿದರೆ ತಾನೇ ಹರಿಯುತ್ತದೆ. ಮೇಲಿನ ಕಾಡಿನಲ್ಲಿ ಒಂದು ಜೋರು ಮಳೆ ಬಂತು ಅಂದರೆ ನೀವು ನಿಂತ ಕಡೆ ಬಿಸಿಲಿದ್ದರೂ ಕಟ್ಟೆಯ ಮೇಲಿನ ನೀರು ದಪ್ಪಗಾಗುತ್ತದೆ. ಆಗ ಸೀಟಿ ಊದುವವರಾಗಲಿ, ಹೇಳುವವರಾಗಲಿ ಇರುವುದಿಲ್ಲ. ಚಿಕ್ಕ ಜಲಾಶಯ ಅಂತ ಸದರ ಮಾಡಿಕೊಳ್ಳುವವರಿಗೆ ಇದು ಗೊತ್ತಿರಬೇಕು.

ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಹಾರಂಗಿ ಆಯ್ಕೆ ಮಾಡಿ. ರಸ್ತೆ ಸಲೀಸು, ಜನ ಇರುತ್ತಾರೆ, ಉದ್ಯಾನ ಇದೆ, ಅರಣ್ಯ ಇಲಾಖೆಯ ಸಾಕಾನೆ ಶಿಬಿರ ಮತ್ತು ವೃಕ್ಷೋದ್ಯಾನವೂ ಹತ್ತಿರದಲ್ಲೇ ಇವೆ. ಗದ್ದಲ ಬೇಡ, ಹಕ್ಕಿ ನೋಡಬೇಕು, ಬೆಟ್ಟ ನೋಡುತ್ತಾ ಕೂರಬೇಕು ಅನ್ನುವವರು ಚಿಕ್ಲಿಹೊಳೆಗೆ ಹೋಗಿ.

ಹಂತ 2: ಪೇಪರಿನಲ್ಲಿ ಬರುವ ಆ ನಾಲ್ಕು ಅಂಕಿ ಓದುವುದನ್ನು ಕಲಿಯಿರಿ

ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಜಲಾಶಯಗಳ ಮಟ್ಟ ಹಾಕುತ್ತವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಮುಖ್ಯ ಜಲಾಶಯಗಳ ಮಟ್ಟವನ್ನು ದಿನದಿನವೂ ಪ್ರಕಟಿಸುತ್ತದೆ, ಅದರಲ್ಲಿ ಹಾರಂಗಿ ಇರುತ್ತದೆ. ನೋಡಬೇಕಾದ್ದು ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು.

ಹಾರಂಗಿಯ ಗರಿಷ್ಠ ಮಟ್ಟ 2859 ಅಡಿ. ಇದು ಸಮುದ್ರಮಟ್ಟದಿಂದ ಲೆಕ್ಕ, ಜಲಾಶಯದ ಆಳ ಅಲ್ಲ. ಇಂದಿನ ಮಟ್ಟ 2857 ಅಂತ ಇದ್ದರೆ ತುಂಬಲು ಎರಡೇ ಅಡಿ ಬಾಕಿ. ನೀರು ಮರಗಿಡಗಳ ಬುಡಕ್ಕೇ ಬಂದಿರುತ್ತದೆ, ಕೂರಲು ದಡವೇ ಇರುವುದಿಲ್ಲ, ಆದರೆ ದೂರದ ನೋಟ ಅದ್ಭುತ. 2830ರ ಆಸುಪಾಸು ಅಂದರೆ ನೀರು ಸುಮಾರು 29 ಅಡಿ ಕೆಳಗೆ ಹೋಗಿದೆ. ಇಳಿಜಾರು ಕಡಿಮೆ ಇರುವ ಕಡೆ 29 ಅಡಿ ಎತ್ತರದ ಇಳಿತ ಅಂದರೆ ನೂರಾರು ಅಡಿ ಅಗಲದ ಕೆಸರು ಮೈದಾನ. ನೀರಿನ ಹತ್ತಿರ ಹೋಗಬೇಕಾದರೆ ಅದರ ಮೇಲೆ ನಡೆಯಬೇಕು, ಅಲ್ವಾ? ಅದರ ಕಥೆ ಮುಂದೆ ಹೇಳುತ್ತೇನೆ.

ಒಳಹರಿವು, ಹೊರಹರಿವು ಕ್ಯೂಸೆಕ್‌ನಲ್ಲಿರುತ್ತವೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಹೊರಹರಿವು 10,000 ಕ್ಯೂಸೆಕ್ ಅಂತ ಓದಿದರೆ, ಸೆಕೆಂಡಿಗೆ ಹೆಚ್ಚುಕಮ್ಮಿ 2.8 ಲಕ್ಷ ಲೀಟರ್ ನೀರು ಹೊಳೆಗೆ ಬೀಳುತ್ತಿದೆ ಅಂತ ಅರ್ಥ. ಅಂಥ ದಿನ ಅಣೆಕಟ್ಟಿನ ಕೆಳಗೆ ಹೊಳೆಯ ಕಡೆ ಸುಳಿಯಲೇಬೇಡಿ. ಅನುಮತಿ ಇದ್ದ ಜಾಗದಿಂದ ದೂರ ನಿಂತು ನೋಡಿ, ಸಾಕು.

ಒಳಹರಿವು ಜಾಸ್ತಿ, ಹೊರಹರಿವು ಕಡಿಮೆ, ಮಟ್ಟ ಗರಿಷ್ಠಕ್ಕೆ ಹತ್ತಿರ. ಈ ಮೂರೂ ಒಟ್ಟಿಗೆ ಕಂಡರೆ ಇವತ್ತೋ ನಾಳೆಯೋ ಗೇಟು ಎತ್ತುತ್ತಾರೆ ಅಂತ ಲೆಕ್ಕ. ಗೇಟು ಬಿಟ್ಟದ್ದನ್ನು ನೋಡಲು ಬರುವವರಿಗೆ ಇದು ಒಳ್ಳೆ ಸೂಚನೆ. ಹೊಳೆ ದಂಡೆಯ ಹೋಂಸ್ಟೇಯಲ್ಲಿ ಉಳಿಯುವವರಿಗೆ ಇದೇ ಎಚ್ಚರಿಕೆ. ಮಳೆ ಜೋರಾದ ವರ್ಷಗಳಲ್ಲಿ ಕುಶಾಲನಗರದ ತಗ್ಗು ಬಡಾವಣೆಗಳಿಗೇ ನೀರು ನುಗ್ಗಿದೆ.

ಜೊತೆಗೆ ಹವಾಮಾನ ಇಲಾಖೆಯ ಬಣ್ಣಗಳನ್ನೂ ನೋಡಿ. ಹಳದಿ ಇದ್ದರೆ ತಯಾರಿ ಮಾಡಿಕೊಂಡು ಬನ್ನಿ. ಕಿತ್ತಳೆ ಇದ್ದರೆ ದಿನ ಬದಲಾಯಿಸಿ. ಕೆಂಪು ಇದ್ದರೆ ಕೊಡಗಿಗೇ ಬರಬೇಡಿ. ರೂಮಿನ ಅಡ್ವಾನ್ಸ್ ಹೋದರೆ ಹೋಗಲಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಕಡೆ ಗುಡ್ಡಗಳು ಕುಸಿದದ್ದನ್ನು ಇಲ್ಲಿನವರು ಮರೆತಿಲ್ಲ. ಆ ಮಣ್ಣು ಕೊಚ್ಚಿಕೊಂಡು ಬಂದು ಸೇರಿದ್ದು ಇದೇ ಹಾರಂಗಿಗೆ.

ಹಂತ 3: ತಿಂಗಳು ಆರಿಸಿ

ಜೂನ್‌ನಿಂದ ಸೆಪ್ಟೆಂಬರ್ ನೀರಿನ ಕಾಲ. ಕುಶಾಲನಗರದ ಕಡೆ ಮಡಿಕೇರಿ, ಭಾಗಮಂಡಲದಷ್ಟು ಮಳೆ ಇಲ್ಲ. ಹಾಗಾಗಿ ಮಡಿಕೇರಿಯಲ್ಲಿ ಮಂಜು ಮುಚ್ಚಿಕೊಂಡು ಏನೂ ಕಾಣದ ದಿನವೂ ಇಲ್ಲಿ ಒಂದಷ್ಟು ಹೊತ್ತು ತೆರಪು ಸಿಗುತ್ತದೆ. ಚಿಕ್ಲಿಹೊಳೆ ತುಂಬಿ ಹರಿಯುವುದನ್ನು ನೋಡಬೇಕಾದರೆ ಈ ತಿಂಗಳುಗಳಲ್ಲೇ ಬರಬೇಕು.

ನನ್ನನ್ನು ಕೇಳಿದರೆ ಅಕ್ಟೋಬರ್ ಕೊನೆಯಿಂದ ಜನವರಿಯವರೆಗೆ ಒಳ್ಳೆ ಕಾಲ. ನೀರು ಇನ್ನೂ ಚೆನ್ನಾಗಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಬೆಳಿಗ್ಗೆ ನೀರಿನ ಮೇಲೆ ಮಂಜು ಏಳುತ್ತದೆ. ಹುತ್ತರಿ ಹಬ್ಬ, ಕಾಫಿ ಕೊಯ್ಲು ಎಲ್ಲ ಈ ಹೊತ್ತಿಗೇ ಬರುತ್ತವೆ. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ, ಮಡಿಕೇರಿ ದಸರಾ, ಕ್ರಿಸ್ಮಸ್ ರಜೆಯ ವಾರಗಳನ್ನು ಬಿಟ್ಟುಬಿಡಿ. ಆಗ ಕುಶಾಲನಗರ ದಾಟುವುದಕ್ಕೇ ಸಮಯ ಹೋಗುತ್ತದೆ.

ಮಾರ್ಚ್, ಏಪ್ರಿಲ್‌ನಲ್ಲಿ ನೀರು ಇಳಿದಿರುತ್ತದೆ. ಒಂದು ಒಳ್ಳೆ ಮಳೆ ಬಿದ್ದ ವಾರದ ನಂತರ ಬಂದರೆ ದಾರಿಯುದ್ದಕ್ಕೂ ಕಾಫಿ ಹೂವು ಬೆಳ್ಳಗೆ ಅರಳಿರುತ್ತದೆ, ಆ ಪರಿಮಳಕ್ಕಾಗಿಯೇ ಬರಬಹುದು. ಆದರೆ ಆ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಜಾಸ್ತಿ. ಬಯಲು ದಡದಲ್ಲಿ ನೀವೇ ಎತ್ತರದ ವಸ್ತು. ಗುಡುಗು ಕಿವಿಗೆ ಬಿದ್ದ ಕೂಡಲೇ ದಡ ಬಿಟ್ಟು ಕಾರಿನೊಳಗೋ ಕಟ್ಟಡದೊಳಗೋ ಸೇರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಹೊರಗೆ ಬನ್ನಿ.

ಹಂತ 4: ದಾರಿ

ಕೊಡಗಿನಲ್ಲಿ ರೈಲು ಇಲ್ಲ. ಮೈಸೂರಿನವರೆಗೆ ರೈಲು, ಅಲ್ಲಿಂದ ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರಕ್ಕೆ ಬಸ್ಸು. ಮಡಿಕೇರಿಗೆ ಹೋಗುವ ಕೆಎಸ್‌ಆರ್‌ಟಿಸಿ ಬಸ್ಸುಗಳು ಇದೇ ದಾರಿಯಲ್ಲಿ ಹೋಗುತ್ತವೆ. ಹಾಸನದ ಕಡೆಯವರು ಕೊಣನೂರು, ಹೆಬ್ಬಾಲೆ, ಕೂಡಿಗೆ ಮೇಲೆ ಬರಬಹುದು. ಮಂಗಳೂರಿನವರಿಗೆ ಸಂಪಾಜೆ ಘಾಟಿ. ಜೋರು ಮಳೆಯಲ್ಲಿ ಅದು ತೆರೆದಿದೆಯಾ ಅಂತ ವಿಚಾರಿಸಿಕೊಂಡೇ ಹೊರಡಿ.

ಬೆಂಗಳೂರಿನಿಂದ ಬೈಕಿನಲ್ಲಿ ಬರುವವರು ಗಮನಿಸಿ: 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಬೈಕು, ಆಟೋಗಳಿಗೆ ಪ್ರವೇಶ ಇಲ್ಲ. ಸರ್ವಿಸ್ ರಸ್ತೆಯಲ್ಲೇ ಬರಬೇಕು. ಸಮಯದ ಲೆಕ್ಕ ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ.

ಕುಶಾಲನಗರದಿಂದ ಹಾರಂಗಿಗೆ ಆಟೋ ಸಿಗುತ್ತದೆ. ಹೋಗುವಾಗಲೇ "ಅಣ್ಣ, ವಾಪಸ್ಸಿಗೂ ಬರ್ತೀರಾ" ಅಂತ ಕೇಳಿ ಮಾತಾಡಿಕೊಳ್ಳಿ, ಅಲ್ಲಿಂದ ಬರುವಾಗ ಖಾಲಿ ಆಟೋ ಸಿಗುವ ಗ್ಯಾರಂಟಿ ಇಲ್ಲ. ಚಿಕ್ಲಿಹೊಳೆಗೆ ಮಡಿಕೇರಿ ರಸ್ತೆಯಲ್ಲಿ ಗುಡ್ಡೆಹೊಸೂರಿನವರೆಗೆ ಬಂದು ಎಡಕ್ಕೆ ಸಿದ್ದಾಪುರ ರಸ್ತೆ ಹಿಡಿಯಬೇಕು. ನಂಜರಾಯಪಟ್ಟಣ, ದುಬಾರೆ ಆನೆ ಶಿಬಿರದ ತಿರುವು, ರಂಗಸಮುದ್ರ ಎಲ್ಲ ಇದೇ ದಾರಿಯಲ್ಲಿ ಬರುತ್ತವೆ. ಕೊನೆಯ ತುಂಡು ರಸ್ತೆ ಕಿರಿದು. ಎದುರಿಂದ ತೋಟದ ಜೀಪೋ ಟ್ರ್ಯಾಕ್ಟರೋ ಬಂದರೆ ಅಗಲ ಇರುವ ಕಡೆ ನಿಂತು ಅವರಿಗೆ ದಾರಿ ಬಿಡಿ. ಅದು ಅವರು ದಿನವೂ ದುಡಿಯಲು ಹೋಗುವ ರಸ್ತೆ.

ಮೊಬೈಲ್ ಸಿಗ್ನಲ್ ಕೈಕೊಡುತ್ತದೆ, ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಸ್ವಲ್ಪ ನಗದು ಕೈಯಲ್ಲಿರಲಿ. ಪೆಟ್ರೋಲ್ ಕುಶಾಲನಗರದಲ್ಲೇ ಹಾಕಿಸಿ.

ಹಂತ 5: ಚೀಲದಲ್ಲಿ ಏನಿರಬೇಕು

ದೊಡ್ಡ ಪಟ್ಟಿ ಬೇಡ. ಕುಡಿಯುವ ನೀರು ಮನೆಯ ಸ್ಟೀಲ್ ಬಾಟಲಿಯಲ್ಲಿ. ಟೋಪಿ. ಮಳೆಗಾಲದಲ್ಲಿ ಕೊಡೆಗಿಂತ ರೇನ್‌ಕೋಟ್ ವಾಸಿ, ಏಕೆಂದರೆ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಹಿಡಿತ ಚೆನ್ನಾಗಿರುವ ಚಪ್ಪಲಿ ಅಥವಾ ಶೂ. ಟಾರ್ಚ್. ಕಸ ತುಂಬಿಕೊಳ್ಳಲು ಒಂದು ಖಾಲಿ ಚೀಲ. ಒಂದು ಗಟ್ಟಿ ಹಗ್ಗ, ಸುಮಾರು 15 ಮೀಟರ್. ಹಗ್ಗ ಯಾಕೆ ಅಂತ ನಗಬೇಡಿ, ಅದೇ ಈ ಪಟ್ಟಿಯ ಮುಖ್ಯ ವಸ್ತು.

ಮಳೆಗಾಲದಲ್ಲಿ ಹುಲ್ಲಿನಲ್ಲಿ ನಡೆದರೆ ಜಿಗಣೆ ಹತ್ತುವುದು ಖಂಡಿತ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ಒಂದು ಬಟ್ಟೆಯ ಗಂಟಿನಲ್ಲಿ ಉಪ್ಪು ಇಟ್ಟುಕೊಳ್ಳಿ. ಕಚ್ಚಿದ್ದನ್ನು ಎಳೆದು ಕೀಳಬೇಡಿ. ಉಗುರಿನಿಂದ ಬಾಯಿಯ ಕಡೆ ಮೆಲ್ಲಗೆ ಜಾರಿಸಿದರೆ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಹೆದರಬೇಡಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿದೆ, ಅದಕ್ಕೇ ಹಾಗೆ. ಸೋಪು ನೀರಿನಲ್ಲಿ ತೊಳೆದು ಒತ್ತಿ ಹಿಡಿಯಿರಿ.

ಹಂತ 6: ಬೆಳಿಗ್ಗೆ ಹೋಗಿ

ಚಿಕ್ಲಿಹೊಳೆ ಅಂದರೆ ಸೂರ್ಯಾಸ್ತ ಅಂತ ಎಲ್ಲರೂ ಹೇಳುತ್ತಾರೆ. ಸೂರ್ಯಾಸ್ತ ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೂ ನಾನು ಬೆಳಿಗ್ಗೆಯ ಪರ. ಒಂದು ಕಾರಣ ಹಕ್ಕಿ. ಬೆಳಿಗ್ಗೆ ನೀರುಕಾಗೆಗಳು ಒಣಗಿದ ಮರದ ಮೇಲೆ ರೆಕ್ಕೆ ಬಿಚ್ಚಿಕೊಂಡು ಕೂತಿರುತ್ತವೆ, ಮಿಂಚುಳ್ಳಿ ನೀರಿಗೆ ಎರಗುವುದು ಕಾಣುತ್ತದೆ, ಬೆಳ್ಳಕ್ಕಿಗಳಂತೂ ಇದ್ದೇ ಇರುತ್ತವೆ. ಎರಡನೆಯದು, ಇನ್ನೂ ದೊಡ್ಡ ಕಾರಣ: ಕಾಡಾನೆ.

ನಂಜರಾಯಪಟ್ಟಣ, ಮೀನುಕೊಲ್ಲಿ, ಆನೆಕಾಡು, ಸಿದ್ದಾಪುರದ ಕಡೆ ಆನೆಗಳ ಓಡಾಟ ನಿಜವಾಗಿಯೂ ಇದೆ. ತೋಟದ ಕೆಲಸಕ್ಕೆ ಹೋದವರು, ರಸ್ತೆಯಲ್ಲಿ ನಡೆದು ಬರುತ್ತಿದ್ದವರು ಆನೆ ದಾಳಿಗೆ ಸಿಕ್ಕಿ ಜೀವ ಕಳೆದುಕೊಂಡಿದ್ದಾರೆ. ಸಂಜೆ ಕತ್ತಲಾಗುವ ಹೊತ್ತಿಗೆ ಆನೆಗಳು ಕಾಡಿನಿಂದ, ತೋಟಗಳಿಂದ ನೀರಿಗೆ, ಮೇವಿಗೆ ಹೊರಡುತ್ತವೆ. ಜಲಾಶಯ ಅವುಗಳ ನೀರಿನ ಜಾಗವೂ ಹೌದು.

ಸೂರ್ಯಾಸ್ತ ನೋಡಲೇಬೇಕು ಅನ್ನುವವರು ಹೀಗೆ ಮಾಡಿ. ಸ್ವಂತ ಕಾರಿನಲ್ಲಿ ಬನ್ನಿ, ನಡೆದುಕೊಂಡೋ ಬೈಕಿನಲ್ಲೋ ಬೇಡ. ಕಾರನ್ನು ಬಂದ ಕೂಡಲೇ ವಾಪಸ್ ದಾರಿಗೆ ಮುಖ ಮಾಡಿ ನಿಲ್ಲಿಸಿ. ಬೆಳಕು ಇರುವಾಗಲೇ, ಊರಿನವರ ಹತ್ತಿರ "ಅಕ್ಕ, ಇವತ್ತು ಈ ಕಡೆ ಆನೆ ಉಂಟಾ" ಅಂತ ಕೇಳಿ. ಅವರಿಗೆ ಗೊತ್ತಿರುತ್ತದೆ, ಹೇಳುತ್ತಾರೆ. ಡಿಸೆಂಬರಿನಲ್ಲಿ ಸಂಜೆ 6ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಆಮೇಲೆ ಕತ್ತಲು ಬೇಗ ಕವಿಯುತ್ತದೆ. ಸೂರ್ಯ ಬೆಟ್ಟಕ್ಕೆ ತಾಗಿದ ಮೇಲೆ ಒಂದೆರಡು ಫೋಟೋ ತೆಗೆದು ಎದ್ದುಬಿಡಿ.

ದಾರಿಯಲ್ಲಿ ಆನೆ ಕಂಡರೆ ಕಾರು ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಫ್ಲ್ಯಾಶ್ ಬೇಡ, ಕೆಳಗೆ ಇಳಿಯುವುದು ಬೇಡವೇ ಬೇಡ. ಅದು ದಾಟುವವರೆಗೆ ಕಾಯಿರಿ. ಒಂದು ದಾಟಿದರೆ ಮುಗಿಯಿತು ಅಂದುಕೊಳ್ಳಬೇಡಿ, ಹಿಂದೆ ಮರಿಯೋ ಇನ್ನೊಂದೋ ಇರುತ್ತದೆ. ನಿಮ್ಮ ಕಡೆಗೇ ಬರುತ್ತಿದ್ದರೆ ಮೆಲ್ಲಗೆ ರಿವರ್ಸ್ ತೆಗೆಯಿರಿ. ತೋಟದ ಸೋಲಾರ್ ಬೇಲಿ ಕಂಡರೆ ಮುಟ್ಟಬೇಡಿ, ದಾಟಿ ಒಳಗೂ ಹೋಗಬೇಡಿ.

ಹಂತ 7: ದಡದಲ್ಲಿ ಎಲ್ಲಿ ಕೂರಬೇಕು

ಅಣೆಕಟ್ಟಿನ ಮೇಲೆ, ಗೇಟಿನ ಹತ್ತಿರ ಹೋಗಬಹುದಾ ಅನ್ನುವುದು ಕಾವಲುಗಾರರು ಹೇಳಿದಂತೆ. ಹಾರಂಗಿ ಕಾವೇರಿ ನೀರಾವರಿ ನಿಗಮದ ಕೈಯಲ್ಲಿದೆ. ನೀರು ಹೆಚ್ಚಾದಾಗ ಪ್ರವಾಸಿಗರನ್ನು ಒಳಗೆ ಬಿಡದೇ ಇರಬಹುದು. ಅವರ ಜೊತೆ ವಾದ ಮಾಡಬೇಡಿ, ಅವರು ಇರುವುದೇ ಅದಕ್ಕೆ. ಅನುಮತಿ ಇಲ್ಲದೆ ಡ್ರೋನ್ ಹಾರಿಸಬೇಡಿ.

ಚಿಕ್ಲಿಹೊಳೆಯ ಅರ್ಧಚಂದ್ರದ ಅಂಚಿನ ಮೇಲೆ ನಡೆದು ಫೋಟೋ ತೆಗೆಸಿಕೊಳ್ಳುವ ಹುಚ್ಚು ತುಂಬಾ ಜನಕ್ಕಿದೆ. ದಯವಿಟ್ಟು ಬೇಡ. ವರ್ಷದಲ್ಲಿ ತಿಂಗಳುಗಟ್ಟಲೆ ನೀರು ಹರಿದ ಕಾಂಕ್ರೀಟ್ ಅದು, ಕಣ್ಣಿಗೆ ಒಣಗಿದಂತೆ ಕಂಡರೂ ಪಾಚಿ ಇರುತ್ತದೆ. ಕಾಲು ಮುಳುಗುವಷ್ಟೇ ನೀರು ಹರಿಯುತ್ತಿದ್ದರೂ ಅದರ ರಭಸಕ್ಕೆ ಕಾಲು ಜಾರುತ್ತದೆ. ಒಳಕ್ಕೆ ಬಿದ್ದರೆ ಹಿಡಿದು ಹತ್ತಲು ಏನೂ ಇಲ್ಲ, ಮೇಲಿಂದ ನೀರು ಬೀಳುತ್ತಲೇ ಇರುತ್ತದೆ. ಒಳ್ಳೆ ಫೋಟೋ ಬೇಕಾದರೆ ಪಕ್ಕದ ದಂಡೆಯಿಂದಲೇ ಸಿಗುತ್ತದೆ. ಇಡೀ ಅರ್ಧಚಂದ್ರ ಒಂದೇ ಚೌಕಟ್ಟಿಗೆ ಬರುವುದೂ ಅಲ್ಲಿಂದಲೇ.

ನೀರು ಇಳಿದ ಕಾಲದಲ್ಲಿ ದಡಕ್ಕೆ ಹೋಗುವವರು ಈಗ ಕೇಳಿ. ಜಲಾಶಯದ ತಳ ಹೂಳಿನಿಂದ ತುಂಬಿರುತ್ತದೆ. ಮೇಲ್ಪದರ ಬಿಸಿಲಿಗೆ ಒಣಗಿ ಹಪ್ಪಳದ ಹಾಗೆ ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುತ್ತದೆ, ಒಳಗೆ ಮೆತ್ತಗೆ ಕೆಸರು. ನೀರಿಗೆ ಹತ್ತಿರ ಹೋದಷ್ಟೂ ಆ ಪದರ ತೆಳುವಾಗುತ್ತಾ ಹೋಗುತ್ತದೆ. ಒಂದು ಕೋಲು ಕೈಯಲ್ಲಿ ಹಿಡಿದು ಮುಂದೆ ಕುಟ್ಟುತ್ತಾ ನಡೆಯಿರಿ. ದನಗಳು ಇತ್ತೀಚೆಗೆ ನಡೆದ ಹೆಜ್ಜೆ ಜಾಡು ಇದ್ದರೆ ಅದರ ಮೇಲೇ ನಡೆಯುವುದು ಒಳ್ಳೆಯದು. ಕಾಲು ಹೂತರೆ ಎಳೆದಾಡಬೇಡಿ, ಎಳೆದಷ್ಟೂ ಇನ್ನೊಂದು ಕಾಲು ಇಳಿಯುತ್ತದೆ. ಹಿಂದಕ್ಕೆ ಕೂತು, ಭಾರವನ್ನು ಬೆನ್ನ ಮೇಲೆ ಹಾಕಿ, ಕಾಲನ್ನು ನಿಧಾನಕ್ಕೆ ಅಲ್ಲಾಡಿಸುತ್ತಾ ಬಿಡಿಸಿಕೊಳ್ಳಿ. ಕಾರನ್ನಂತೂ ಜಲಾಶಯದ ತಳಕ್ಕೆ ಇಳಿಸಲೇಬೇಡಿ. ಅದು ಹೂತರೆ ಟ್ರ್ಯಾಕ್ಟರ್ ಕರೆಸಬೇಕು, ಎಳೆಯಲು ಬಂದ ಟ್ರ್ಯಾಕ್ಟರೂ ಹೂತುಹೋಗಬಹುದು.

ಕೂರಲು ಸರಿಯಾದ ಜಾಗ ಅಂದರೆ ಹುಲ್ಲು ಬೆಳೆದ ಗಟ್ಟಿ ನೆಲ, ನೀರಿನ ಅಂಚಿನಿಂದ ಒಂದಷ್ಟು ಮೇಲೆ, ಮಕ್ಕಳು ಓಡಿದರೂ ನೀರು ಮುಟ್ಟುವ ಮುಂಚೆ ನೀವು ಹಿಡಿಯಬಹುದಾದಷ್ಟು ದೂರ.

ಹಂತ 8: ನೀರಿಗೆ ಇಳಿಯಬೇಡಿ, ಯಾಕೆ ಅಂತ ಹೇಳುತ್ತೇನೆ

"ನನಗೆ ಈಜು ಬರುತ್ತೆ" ಅನ್ನುವವರಿಗಾಗಿಯೇ ಈ ಭಾಗ. ಈಜುಕೊಳದಲ್ಲಿ ಕಲಿತ ಈಜು ಇಲ್ಲಿ ಸಾಲುವುದಿಲ್ಲ. ಇದು ಒಂದು ಕಾಲದಲ್ಲಿ ಹೊಳೆ, ಗದ್ದೆ, ಕಾಡು ಇದ್ದ ಕಣಿವೆ. ತಳದಲ್ಲಿ ಹಳೆಯ ಮರದ ಬೊಡ್ಡೆಗಳು, ಹೊಳೆಯ ಹಳೆಯ ಪಾತ್ರ, ಗದ್ದೆಯ ಏರಿಗಳು ಹಾಗೇ ಉಳಿದಿರಬಹುದು. ಮೊಣಕಾಲುದ್ದ ನೀರಿನಲ್ಲಿ ನಿಂತವರು ಇನ್ನೊಂದು ಹೆಜ್ಜೆ ಇಟ್ಟರೆ ಆಳಾಳ ಇರಬಹುದು. ನೀರು ಕಲಕಿರುವುದರಿಂದ ಮೇಲಿನಿಂದ ಏನೂ ಕಾಣುವುದಿಲ್ಲ. ತಳದ ಹೂಳು ಕಾಲು ಹಿಡಿಯುತ್ತದೆ. ಮೇಲಿನ ನೀರು ಬೆಚ್ಚಗಿದ್ದರೂ ಕೆಳಗಿನದು ತಣ್ಣಗಿರುತ್ತದೆ, ಒಮ್ಮೆಲೇ ತಣ್ಣೀರು ತಾಗಿದಾಗ ಉಸಿರು ತಪ್ಪಿ ನೀರು ಕುಡಿಯುವವರಿದ್ದಾರೆ. ಕೊಡಗಿನ ಹೊಳೆ, ಕೆರೆ, ಜಲಾಶಯಗಳಲ್ಲಿ ಪ್ರವಾಸಕ್ಕೆ ಬಂದ ಹುಡುಗರು ಮುಳುಗಿ ಸಾಯುವ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಓದುವಾಗ ಹೊಟ್ಟೆ ಉರಿಯುತ್ತದೆ, ಅವರ ಮನೆಯವರ ಸ್ಥಿತಿ ನೆನೆಸಿಕೊಂಡರೆ ಇನ್ನೂ ಕಷ್ಟ.

ಅಣೆಕಟ್ಟಿನ ಕೆಳಗಿನ ಹೊಳೆಯೂ ಅಷ್ಟೇ. ಬಂಡೆಗಳು ಒಣಗಿರುತ್ತವೆ, ಮಧ್ಯದ ಬಂಡೆಯವರೆಗೆ ಹೋಗಿ ಕೂತರೆ ಚೆಂದ ಅನಿಸುತ್ತದೆ. ನೀರು ಬಿಟ್ಟಾಗ ನಿಮ್ಮ ಹಿಂದಿನ ದಾರಿ ಮೊದಲು ಮುಚ್ಚಿಹೋಗುತ್ತದೆ. ಸೈರನ್ ಕೇಳಿದರೆ, ನೀರು ಕೆಂಪಗಾದರೆ, ಕಸಕಡ್ಡಿ ತೇಲಿಬಂದರೆ, ಹರಿವಿನ ಸದ್ದು ಬದಲಾದರೆ ಆ ಕ್ಷಣವೇ ಮೇಲೆ ಹತ್ತಿ. ಚಪ್ಪಲಿ, ಬ್ಯಾಗು ಅಂತ ತಡ ಮಾಡಬೇಡಿ.

ನೀರಿನಲ್ಲಿ ಆಡುವ ಆಸೆ ಇದ್ದೇ ಇರುತ್ತದೆ, ಮಕ್ಕಳಿಗಂತೂ ಇನ್ನೂ ಜಾಸ್ತಿ. ಅದಕ್ಕೆ ದುಬಾರೆಯ ರ‍್ಯಾಫ್ಟಿಂಗ್ ಇದೆ. ಲೈಫ್ ಜಾಕೆಟ್ ಹಾಕಿಸಿ, ಗೊತ್ತಿರುವವರು ಜೊತೆಗೆ ಬರುತ್ತಾರೆ. ಜಾಕೆಟ್ಟಿನ ಪಟ್ಟಿಗಳನ್ನು ಬಿಗಿಯಾಗಿ ಕಟ್ಟಿದ್ದಾರಾ ಅಂತ ನೀವೇ ಹೆಗಲ ಹತ್ತಿರ ಎಳೆದು ನೋಡಿ. ಕಿವಿಯವರೆಗೆ ಮೇಲೆ ಬಂದರೆ ಅದು ಸಡಿಲ, ನೀರಿನಲ್ಲಿ ಕಳಚಿಹೋಗುತ್ತದೆ. ಮಳೆ ಜೋರಾಗಿ ಕಾವೇರಿ ಏರಿದಾಗ ಇವನ್ನೆಲ್ಲ ನಿಲ್ಲಿಸುತ್ತಾರೆ, ಆಗ ಒತ್ತಾಯ ಮಾಡಬೇಡಿ.

ಹಂತ 9: ಯಾರಾದರೂ ಬಿದ್ದರೆ

ಇದನ್ನು ಹೊರಡುವ ಮುಂಚೆ ಜೊತೆಗಾರರಿಗೆಲ್ಲ ಓದಿ ಹೇಳಿ. ಬಿದ್ದವರ ಹಿಂದೆ ನೀರಿಗೆ ಹಾರಬೇಡಿ. ಮುಳುಗುವವರು ಕೈಗೆ ಸಿಕ್ಕಿದ್ದನ್ನು ತಬ್ಬಿ ಹಿಡಿಯುತ್ತಾರೆ, ಕಾಪಾಡಲು ಹೋದವರನ್ನೂ ಕೆಳಗೆ ಎಳೆಯುತ್ತಾರೆ. ಒಬ್ಬರ ಹಿಂದೆ ಒಬ್ಬರು ಹಾರಿ ಮೂವರು ನಾಲ್ವರು ಹೋದ ದುರಂತಗಳು ಹೀಗೇ ಆಗುವುದು. ದಡದಲ್ಲಿ ನೆಲಕ್ಕೆ ಮಲಗಿ ಕೋಲು ಚಾಚಿ. ದೂರ ಇದ್ದರೆ ಹಗ್ಗ ಎಸೆಯಿರಿ. ಹಗ್ಗ ಇಲ್ಲದಿದ್ದರೆ ಪಂಚೆ, ಸೀರೆ, ದುಪ್ಪಟ್ಟಾ ಗಂಟು ಹಾಕಿ ಎಸೆಯಿರಿ. ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆದರೂ ಅದನ್ನು ಹಿಡಿದು ತೇಲಬಹುದು. ಒಬ್ಬರು ಇಷ್ಟು ಮಾಡುವಾಗ ಇನ್ನೊಬ್ಬರು 112ಕ್ಕೆ ಕರೆ ಮಾಡಬೇಕು, ಆಂಬುಲೆನ್ಸಿಗೆ 108. ಸಿಗ್ನಲ್ ಇಲ್ಲದಿದ್ದರೆ ಕಾರು ತೆಗೆದುಕೊಂಡು ಹತ್ತಿರದ ಮನೆಗೆ ಹೋಗಿ ಕೂಗಿ ಹೇಳಿ.

ಮೇಲೆ ತಂದವರಿಗೆ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗಾಗಿ ಹಿಡಿದು ತಿರುಗಿಸುವುದು ಯಾವುದೂ ಬೇಡ. ಅದರಿಂದ ಸಮಯ ಹಾಳು, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುವ ಅಪಾಯ ಬೇರೆ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಗಲ್ಲ ಮೇಲೆತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು ಮೊದಲು ಉಸಿರು ಕೊಡಿ. ನಂತರ ಎದೆಯ ಮಧ್ಯದಲ್ಲಿ ಎರಡೂ ಕೈ ಇಟ್ಟು 30 ಸಲ ಜೋರಾಗಿ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ. ಮತ್ತೆ 2 ಉಸಿರು, ಮತ್ತೆ 30. ಸಹಾಯ ಬರುವವರೆಗೆ ನಿಲ್ಲಿಸಬೇಡಿ. ಎಚ್ಚರವಾಗಿ ಎದ್ದು ಕೂತರೂ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು. ಉಸಿರಾಟದ ತೊಂದರೆ ಕೆಲವು ಗಂಟೆ ಬಿಟ್ಟೂ ಬರಬಹುದು. ಕುಶಾಲನಗರದಲ್ಲಿ ಸರ್ಕಾರಿ ಆಸ್ಪತ್ರೆ ಇದೆ, ದೊಡ್ಡ ಚಿಕಿತ್ಸೆಗೆ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ.

ಹಂತ 10: ಊರಿನವರ ಜಾಗ ಅನ್ನುವುದು ನೆನಪಿರಲಿ

ಹಾರಂಗಿಯ ನೀರು ಕಾಲುವೆಗಳಲ್ಲಿ ಕೊಡಗು ದಾಟಿ ಪಿರಿಯಾಪಟ್ಟಣ, ಹುಣಸೂರು, ಅರಕಲಗೂಡಿನ ಕಡೆಯ ಹೊಲಗದ್ದೆಗಳಿಗೆ ಹೋಗುತ್ತದೆ. ಉಳಿದದ್ದು ಕಾವೇರಿ ಸೇರಿ ಕೆಆರ್‌ಎಸ್‌ಗೆ. ನೀವು ಮೈಸೂರಿನವರೋ ಬೆಂಗಳೂರಿನವರೋ ಆದರೆ ಇಲ್ಲಿ ಎಸೆದ ಪ್ಲಾಸ್ಟಿಕ್ ಹೋಗುವುದು ನಿಮ್ಮ ನಲ್ಲಿಯ ದಾರಿಯಲ್ಲೇ. ತಂದದ್ದನ್ನೆಲ್ಲ ವಾಪಸ್ ಒಯ್ಯಿರಿ. ಬಾಟಲಿ ಒಡೆಯುವುದು, ನೀರಿನ ಹತ್ತಿರ ಕುಡಿಯಲು ಕೂರುವುದು ಖಂಡಿತ ಬೇಡ. ಒಡೆದ ಗಾಜು ಬೇಸಿಗೆಯಲ್ಲಿ ಮೇಯಲು ಇಳಿಯುವ ದನಗಳ ಗೊರಸಿಗೆ ಚುಚ್ಚುತ್ತದೆ. ಬೆಂಕಿ ಹಾಕಬೇಡಿ, ಫೆಬ್ರವರಿ ಆದಮೇಲೆ ಒಂದು ಕಿಡಿ ಸಾಕು ಕಾಡಿಗೆ. ಟೆಂಟ್ ಹಾಕಿ ರಾತ್ರಿ ಉಳಿಯುವ ಯೋಚನೆ ಬಿಡಿ, ನೋಂದಣಿ ಇರುವ ಹೋಂಸ್ಟೇಗಳು ಬೇಕಾದಷ್ಟಿವೆ.

ಮೀನು ಹಿಡಿಯಲೂ ಹಾಗೇ ಗಾಳ ಹಾಕಬೇಡಿ, ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ದಾರಿಯಲ್ಲಿ ಹಾಡಿಗಳಿವೆ, ಅಂದರೆ ಜೇನುಕುರುಬರು, ಯರವರಂಥ ಆದಿವಾಸಿಗಳ ಮನೆಗಳು. ಕೇಳದೆ ಕ್ಯಾಮೆರಾ ಎತ್ತಬೇಡಿ. ಕಾಫಿ ತೋಟದೊಳಗೆ ನುಗ್ಗಿ ಹಣ್ಣು ಕಿತ್ತು ಫೋಟೋ ತೆಗೆಯುವುದೂ ಬೇಡ. ಬೇಕಾದರೆ ಕಣದಲ್ಲಿ ಕಾಫಿ ಒಣಗಿಸುವವರನ್ನು ಮಾತಾಡಿಸಿ, ಅವರೇ ಕರೆದು ತೋರಿಸುತ್ತಾರೆ.

ಹಂತ 11: ಒಂದು ದಿನದ ಲೆಕ್ಕ

ಕುಶಾಲನಗರದಲ್ಲಿ ಹಿಂದಿನ ರಾತ್ರಿ ಉಳಿದುಕೊಂಡರೆ ಅನುಕೂಲ. ಬೆಳಕು ಚೆನ್ನಾಗಿ ಹರಿದ ಮೇಲೆ, 7ರ ಹೊತ್ತಿಗೆ ಚಿಕ್ಲಿಹೊಳೆ ಕಡೆ ಹೊರಡಿ. ಕಾಡು ದಾರಿ, ಅದಕ್ಕಿಂತ ಬೇಗ ಬೇಡ. ಒಂದೆರಡು ಗಂಟೆ ಅಲ್ಲಿದ್ದು, ವಾಪಸ್ ಬರುವಾಗ ದುಬಾರೆ. ಆನೆಗಳಿಗೆ ಸ್ನಾನ ಮಾಡಿಸುವುದು, ಮೇವು ಕೊಡುವುದು ಬೆಳಗಿನ ಹೊತ್ತು, ಹೊಳೆ ಆ ಕಡೆಗೆ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಸಮಯ ಹಿಂದಿನ ದಿನವೇ ವಿಚಾರಿಸಿ. ದುಬಾರೆಯೋ ಚಿಕ್ಲಿಹೊಳೆಯೋ ಒಂದನ್ನು ಬಿಡಬೇಕು ಅಂತ ಬಂದರೆ, ಮಕ್ಕಳಿದ್ದವರು ದುಬಾರೆ ಮಾಡಿ.

ಮಧ್ಯಾಹ್ನ ಊಟಕ್ಕೆ ಕುಶಾಲನಗರ ಅಥವಾ ಗುಡ್ಡೆಹೊಸೂರು ಸುತ್ತ. ಕಡಂಬುಟ್ಟು-ಪಂದಿಕರಿ (ಅಕ್ಕಿ ತರಿಯ ಉಂಡೆ, ಹಂದಿಮಾಂಸದ ಸಾರು), ನೂಲ್‌ಪುಟ್ಟು-ಕೋಳಿಸಾರು (ಅಕ್ಕಿ ಶಾವಿಗೆ, ಕೋಳಿ ಸಾರು), ಅಕ್ಕಿ ರೊಟ್ಟಿ ಸಿಗುವ ಹೋಟೆಲ್ ಹುಡುಕಿ. ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು) ಸಾರು ಇದೆಯಾ ಅಂತ ಕೇಳಿ, ಇದ್ದರೆ ಬಿಡಬೇಡಿ. ಹೋಂಸ್ಟೇಯಲ್ಲಿ ಊಟ ಮಾಡುವವರು ಬೆಳಿಗ್ಗೆಯೇ ಹೇಳಿಡಬೇಕು, ಕಡಂಬುಟ್ಟು ಹೇಳಿದ ತಕ್ಷಣ ಆಗುವ ಅಡುಗೆ ಅಲ್ಲ.

ಊಟದ ಮೇಲೆ ಹಾರಂಗಿ. ಬಿಸಿಲು ಜಾಸ್ತಿ ಇದ್ದರೆ ಮೊದಲು ವೃಕ್ಷೋದ್ಯಾನದ ನೆರಳಲ್ಲಿ ಇದ್ದು, ಬಿಸಿಲು ಇಳಿದ ಮೇಲೆ ಜಲಾಶಯದ ಕಡೆ ಬನ್ನಿ. ಸಂಜೆ ಇನ್ನೂ ಸಮಯ ಉಳಿದರೆ ಕುಶಾಲನಗರದ ಪಕ್ಕದ ಕಾವೇರಿ ನಿಸರ್ಗಧಾಮ, ಅಥವಾ ಹೊಳೆಯ ಆಚೆ ಮೈಸೂರು ಜಿಲ್ಲೆಗೆ ಸೇರುವ ಬೈಲಕುಪ್ಪೆಯ ಟಿಬೆಟಿಯನ್ ದೇವಾಲಯ. ಎಲ್ಲವನ್ನೂ ಒಂದೇ ದಿನಕ್ಕೆ ತುರುಕಬೇಡಿ, ಜಲಾಶಯ ನೋಡಲು ಬಂದು ಕಾರಿನಲ್ಲೇ ದಿನ ಕಳೆದಂತೆ ಆಗುತ್ತದೆ. ಮೈಸೂರಿನ ಕಡೆ ಹೊರಡುವವರು ಭಾನುವಾರ ಸಂಜೆಯ ಬದಲು ಮಧ್ಯಾಹ್ನ 3ರ ಒಳಗೇ ಕುಶಾಲನಗರ ಬಿಟ್ಟರೆ ಪಿರಿಯಾಪಟ್ಟಣ, ಹುಣಸೂರಿನ ವಾಹನ ಸಾಲಿಗೆ ಸಿಕ್ಕುವುದು ತಪ್ಪುತ್ತದೆ.